ಅಪ್ಪಯ್ಯನ ಹೆಸರು



ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನಮ್ಮಲ್ಲಿ ಹಲವರ ಹೆಸರಿನ ಮುಂದೆ ಎರಡು ಇನಿಷಿಯಲ್: ಒಂದು ಊರಿನದು, ಒಂದು ತಂದೆಯದು. ಕುವೆಂಪು ಅವರದೂ ಹಾಗೆಯೇ: ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಅವರು.

ಪಾಸ್‌ಪೋರ್ಟ್ ಅರ್ಜಿ ಸರ್‌ನೇಮ್ ಕೇಳಿತು. ಅಪ್ಪಯ್ಯನ ಹೆಸರು ಬರೆದೆ. ವಿದೇಶದ ಆಫೀಸಿನಲ್ಲಿ ನನ್ನನ್ನು ಅದರಿಂದಲೇ ಕರೆದರು. ಅಪ್ಪಯ್ಯನನ್ನೇ ಏಕವಚನದಲ್ಲಿ ಕೂಗಿದಂತಾಗಿ ಮುಜುಗರವಾಗುತ್ತಿತ್ತು.

ಇಥಿಯೋಪಿಯಾದಲ್ಲೂ ಮನೆತನದ ಹೆಸರಿಲ್ಲ. ತನ್ನ ಹೆಸರು, ಆಮೇಲೆ ತಂದೆಯ ಹೆಸರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಅಬೆಬೆ ಬಿಕಿಲ ಇಂಗ್ಲಿಷ್ ಪತ್ರಿಕೆಗಳಲ್ಲಿ ಬರೀ ‘ಬಿಕಿಲ’ ಆದರು. ಓಡಿದ್ದು ಮಗ, ಹೆಸರು ಬಂದದ್ದು ತಂದೆಗೆ.

ಈಗ ಅಪ್ಪಯ್ಯ ಇಲ್ಲ. ಆ ಹೆಸರು ಕೂಗಿದರೆ ಸಂತೋಷದಿಂದ ಓಗೊಡುತ್ತೇನೆ.

ಮಕ್ಕಳೇ, ನಿಮ್ಮ ಇನಿಷಿಯಲ್‌ಗಳ ಪೂರ್ತಿ ಹೆಸರು ತಿಳಿದುಕೊಳ್ಳಿ. ಅದರಲ್ಲಿ ಊರಿದೆ, ಅಪ್ಪ ಇದ್ದಾರೆ.