ಹಿಮದ ನಾಡಿನಲ್ಲಿ ಕರಿಬೇವಿನ ಕುಂಡ



ಮಲೆನಾಡಿನ ಹಿತ್ತಿಲಿನಲ್ಲಿ ಕರಿಬೇವಿಗೆ ವಿಶೇಷ ಆರೈಕೆಯಿಲ್ಲ. ಬಚ್ಚಲ ನೀರು ಹರಿಯುವೆಡೆ ತಾನಾಗಿ ಹುಟ್ಟಿ, ಬೇರಿನಿಂದ ಮರಿಗಳನ್ನೆಬ್ಬಿಸಿ, ಮುರಿದಷ್ಟೂ ಚಿಗುರುವ ಗಿಡವದು. ಅದೇ ಗಿಡ ನ್ಯೂಜೆರ್ಸಿಯಲ್ಲೋ ಟೊರಾಂಟೊದಲ್ಲೋ ನೆಲೆಸಿದ ಕನ್ನಡಿಗರ ಮನೆಯಲ್ಲಿ ಕುಂಡವೇರಿ, ವರ್ಷದ ಆರೇಳು ತಿಂಗಳು ಕಿಟಕಿಯ ಬಳಿ ಬಂದಿಯಾಗಿರುತ್ತದೆ.

ಕಾರಣ ಸರಳ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಜೀವಕೋಶಗಳ ನಡುವೆ ಮಂಜುಗಡ್ಡೆ ಮೂಡಿ, ಕೋಶದೊಳಗಿನ ನೀರನ್ನು ಹೊರಗೆಳೆಯುತ್ತದೆ, ಅಂಗಾಂಶ ಸಾಯುತ್ತದೆ. ಉಷ್ಣವಲಯದ ಗಿಡಗಳಿಗೆ ಅಷ್ಟು ಚಳಿಯೂ ಬೇಕಿಲ್ಲ. ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕೋಶದ ಪೊರೆ ಬಿಗಿಯಾಗಿ, ಬೇರು ನೀರೆಳೆಯಲಾರದೆ, ಹಸಿ ಮಣ್ಣಿನಲ್ಲಿ ನಿಂತೇ ಗಿಡ ಬಾಡುವುದುಂಟು. ನೆಲದಲ್ಲಿರುವ ಬೇರಿಗೆ ಭೂಮಿಯ ಬಿಸಿಯ ಆಸರೆಯಿದೆ. ಕುಂಡಕ್ಕಾದರೋ ನಾಲ್ಕೂ ಕಡೆಯಿಂದ ಚಳಿ. ಆದ್ದರಿಂದ ರಾತ್ರಿಯ ತಾಪಮಾನ 10 ಡಿಗ್ರಿಯತ್ತ ಇಳಿಯುವ ಮೊದಲೇ ಕುಂಡವನ್ನು ಒಳಗೆ ತರಬೇಕು. ಮೊದಲ ಇಬ್ಬನಿ ಹೆಪ್ಪುಗಟ್ಟುವವರೆಗೆ ಕಾದರೆ ತಡವಾಯಿತು.

ಒಳಗೆ ತಂದ ಮಾತ್ರಕ್ಕೆ ಗಿಡ ಉಳಿಯಿತೆಂದಲ್ಲ. ಡಿಸೆಂಬರ್ ಕೊನೆಗೆ ಬೆಂಗಳೂರಿನಲ್ಲಿ ಹಗಲು ಹನ್ನೊಂದು ಗಂಟೆಗೂ ಮಿಕ್ಕಿರುತ್ತದೆ. ಟೊರಾಂಟೊದಲ್ಲಿ ಒಂಬತ್ತಕ್ಕಿಂತ ತುಸು ಕಡಿಮೆ. ಅದರಲ್ಲಿಯೂ ಗಾಜಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಗಿಡದ ಪಾಲಿಗೆ ಅದು ಕತ್ತಲೆಯೇ. ದಕ್ಷಿಣಕ್ಕೆ ತೆರೆದ ಕಿಟಕಿಯೇ ಅಲ್ಲಿ ಯೋಗ್ಯ ಸ್ಥಳ. ಕರಿಬೇವು ಎಲೆಯುದುರಿಸಿ ಅರೆನಿದ್ರೆಗೆ ಜಾರುತ್ತದೆ. ಎಲೆ ಉದುರಿದ್ದನ್ನು ಕಂಡು ಗಾಬರಿಗೊಂಡವರು ನೀರು ಸುರಿಯುತ್ತಾರೆ, ಗೊಬ್ಬರವಿಡುತ್ತಾರೆ. ಎಲೆಯಿಲ್ಲದ ಗಿಡ ನೀರನ್ನು ಹೊರಬಿಡುವುದಿಲ್ಲ, ಬೇರು ಕೊಳೆಯುತ್ತದೆ. ಒಳಗಿಟ್ಟ ಗಿಡಗಳಲ್ಲಿ ಚಳಿಗಿಂತ ಅಕ್ಕರೆಯ ನೀರಿಗೆ ಬಲಿಯಾಗುವವೇ ಹೆಚ್ಚೆಂದರೆ ತಪ್ಪಾಗದು. ಮೇಲ್ಮಣ್ಣು ಒಣಗಿದ ಬಳಿಕವೇ ನೀರು. ವಸಂತದ ಚಿಗುರು ಕಾಣುವವರೆಗೆ ಗೊಬ್ಬರ ಬೇಡ. ಮತ್ತೆ ಹೊರಗಿಡುವಾಗಲೂ ಕೆಲವು ದಿನ ನೆರಳಿನಲ್ಲಿರಿಸಬೇಕು. ಇಲ್ಲವಾದರೆ ಬಿಸಿಲಿಗೆ ಎಲೆ ಸುಡುತ್ತದೆ.

ಬಿಸಿಮಾಡಿದ ಕೋಣೆಯ ಒಣ ಗಾಳಿಯಲ್ಲಿ ಕೆಂಪು ನುಸಿ, ಶಲ್ಕ ಕೀಟ, ಹಿಟ್ಟು ತಿಗಣೆಗಳು ಹೆಚ್ಚುತ್ತವೆ. ತೊಳೆಯಲು ಮಳೆಯಿಲ್ಲ, ತಿನ್ನಲು ಗುಲಗಂಜಿ ಹುಳುವಿಲ್ಲ. ಎಲೆಯ ಅಡಿಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸುವುದೇ ಸುಲಭೋಪಾಯ.

ಆದರೆ ಮಲೆನಾಡಿನವರು ಗಮನಿಸಬೇಕಾದ ಕೀಟ ಬೇರೊಂದಿದೆ. ಕರಿಬೇವು ಕಿತ್ತಳೆ, ನಿಂಬೆಗಳ ಕುಟುಂಬಕ್ಕೇ ಸೇರಿದ್ದು. ಸಿಟ್ರಸ್ ಸಿಲ್ಲ ಎಂಬ ಪುಟ್ಟ ಕೀಟ ಇವೆಲ್ಲವುಗಳ ಎಳೆ ಚಿಗುರಿನ ಮೇಲೆ ಮೊಟ್ಟೆಯಿಡುತ್ತದೆ. ಬೆಳೆದ ಕೀಟ ತಲೆ ತಗ್ಗಿಸಿ, ಹಿಂಬದಿಯನ್ನು ಓರೆಯಾಗಿ ಮೇಲೆತ್ತಿ ಕೂರುವುದರಿಂದ ಗುರುತಿಸುವುದು ಕಷ್ಟವಲ್ಲ. ಮರಿಗಳಿರುವೆಡೆ ಬಿಳಿಯ ಮೇಣದ ಎಳೆಗಳು ಕಾಣುತ್ತವೆ. ಕೊಡಗಿನ ಕಿತ್ತಳೆ ತೋಟಗಳನ್ನು ಸೊರಗಿಸಿದ ಕಾರಣಗಳಲ್ಲೊಂದಾದ ಗ್ರೀನಿಂಗ್ ರೋಗವನ್ನು ಮರದಿಂದ ಮರಕ್ಕೆ ಒಯ್ಯುವುದು ಇದೇ ಕೀಟ. ರೋಗ ತಗುಲಿದ ಮರವನ್ನು ಗುಣಪಡಿಸುವ ಮದ್ದಿಲ್ಲ.

ಏಷ್ಯಾ ಮೂಲದ ಈ ಕೀಟ ಅಮೆರಿಕದ ಫ್ಲಾರಿಡಾದಲ್ಲಿ 1998ರಲ್ಲಿ ಕಾಣಿಸಿಕೊಂಡಿತು. ರೋಗ 2005ರಲ್ಲಿ ಪತ್ತೆಯಾಯಿತು. 2003-04ರಲ್ಲಿ ಅಲ್ಲಿ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. 2024-25ರಲ್ಲಿ ಸುಮಾರು 1.2 ಕೋಟಿ. ಚಂಡಮಾರುತಗಳ ಪಾಲೂ ಇದರಲ್ಲಿದೆ, ಆದರೆ ಮುಖ್ಯ ಪಾಲು ಈ ರೋಗದ್ದು. ಕೀಟಕ್ಕೆ ಆಶ್ರಯ ನೀಡುವುದರಿಂದ, ನಿರ್ಬಂಧಿತ ಪ್ರದೇಶಗಳಿಂದ ಕರಿಬೇವಿನ ಗಿಡವನ್ನು ಹೊರಗೊಯ್ಯಲು ಅಲ್ಲಿ ಕಾನೂನಿನ ತಡೆಯಿದೆ.

ವಿದೇಶದಲ್ಲಿರುವ ಮಗನಿಗೋ ಮಗಳಿಗೋ ಸಸಿಯನ್ನು ಬಟ್ಟೆಯ ನಡುವೆ ಸುತ್ತಿ ಕಳಿಸುವ ಪರಿಪಾಠ ನಮ್ಮ ಊರುಗಳಲ್ಲಿದೆ. ಅದನ್ನು ನಿಲ್ಲಿಸಬೇಕು. ಆಯಾ ದೇಶದ ಪರವಾನಗಿ ಪಡೆದ ನರ್ಸರಿಯಲ್ಲಿ ಗಿಡ ಕೊಳ್ಳುವುದೇ ಸರಿಯಾದ ದಾರಿ. ಇತ್ತ, ಕಿತ್ತಳೆ ಬೆಳೆಯುವ ಊರುಗಳ ವಿದ್ಯಾರ್ಥಿಗಳು ಮಳೆಗಾಲ ಮುಗಿದು ಹೊಸ ಚಿಗುರು ಬರುವಾಗ ಹಿತ್ತಿಲಿನ ಕರಿಬೇವಿನ ತುದಿಗಳನ್ನು ಒಂದು ಮಸೂರದ ನೆರವಿನಿಂದ ನೋಡಲಿ. ಬಿಳಿಯ ಎಳೆಗಳು ಕಂಡರೆ ಆ ಚಿಗುರನ್ನು ಚಿವುಟಿ ಸುಡಬೇಕು. ಪಕ್ಕದ ತೋಟದವರಿಗೂ ಅಂದೇ ತಿಳಿಸಬೇಕು.