ಹತ್ತು ಜನ ಕೂಡಿ, ಮದುಮಗಳನ್ನು ಓದಿ

ಹೈದರಾಬಾದಿನ ಕನ್ನಡ ತರುಣ ತರುಣಿಯರೇ, ಈ ವರ್ಷ ಒಂದು ದೊಡ್ಡ ಕೆಲಸಕ್ಕೆ ಕೈ ಹಾಕಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಿ. ಒಬ್ಬೊಬ್ಬರೇ ಬೇಡ. ಕೂಡಿ ಓದಿ, ಗಟ್ಟಿಯಾಗಿ ಓದಿ.

1967ರಲ್ಲಿ ಬಂದ ಈ ಕಾದಂಬರಿ ಏಳುನೂರು ಪುಟಗಳ ಆಸುಪಾಸಿನದು. ಕೊಂಡವರು ಬಹಳ, ಅರ್ಧಕ್ಕೆ ನಿಲ್ಲಿಸಿದವರೂ ಬಹಳ. ಸಿಂಬಾವಿ, ಹಳೆಮನೆ, ಕೋಣೂರು, ಹೂವಳ್ಳಿ, ಬೆಟ್ಟಳ್ಳಿ ಎಂದು ಮನೆ ಮೇಲೆ ಮನೆ, ಹೆಸರಿನ ಮೇಲೆ ಹೆಸರು ಬರುತ್ತವೆ. ಯಾರು ಯಾರ ಮಗ, ಯಾರು ಯಾರ ಆಳು ಎಂಬುದು ಗೋಜಲಾಗುತ್ತದೆ. ಆಗ ಪುಸ್ತಕ ಮುಚ್ಚುವವರಿಗೆ ಬುದ್ಧಿ ಕಡಿಮೆಯೆಂದಲ್ಲ, ಜೊತೆ ಇಲ್ಲ ಅಷ್ಟೇ. ತೇರನ್ನು ಒಬ್ಬನೇ ಎಳೆಯಲು ಹೋದರೆ ಮಿಣಿ ಕೈ ಕೊಯ್ಯುತ್ತದೆ, ತೇರು ಕದಲುವುದಿಲ್ಲ.

ಕೂಡಿ ಓದುವುದು ನಮಗೆ ಹೊರಗಿನಿಂದ ಬಂದದ್ದಲ್ಲ. ಕುಮಾರವ್ಯಾಸನ ಭಾರತವನ್ನು ಕನ್ನಡಿಗರು ಶತಮಾನಗಳಿಂದ ಕೇಳಿದ್ದೇ ಹೀಗೆ: ಗಮಕಿ ವಾಚಿಸುತ್ತಾರೆ, ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ, ಊರು ಕೂತು ಕೇಳುತ್ತದೆ. ಕಲಬುರಗಿ, ಬೀದರ್ ಕಡೆಯ ಮಠಗಳಲ್ಲಿ ಶ್ರಾವಣ ಬಂದರೆ ಇಂದಿಗೂ ಪುರಾಣ ಹಚ್ಚುತ್ತಾರೆ. ಅಕ್ಷರ ಬಾರದ ಅಜ್ಜಿಯರಿಗೂ ಕರ್ಣನ ದುಃಖ ಗೊತ್ತಿದ್ದದ್ದು ಈ ಓದಿನಿಂದಲೇ.

ಈ ನಗರಕ್ಕೂ ತಮ್ಮ ಭಾಷೆಗಾಗಿ ಜನ ಕೂಡಿ ದುಡಿದ ಪರಂಪರೆಯಿದೆ. 1956ರವರೆಗೆ ಕಲಬುರಗಿ, ಬೀದರ್, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠ ಉರ್ದುವಿನಲ್ಲಿ ನಡೆಯುತ್ತಿತ್ತು. ನಿಜಾಮರ ಆಡಳಿತದಲ್ಲಿ ತಮ್ಮ ಭಾಷೆಗೆ ಜಾಗವಿಲ್ಲವೆಂದು ಜನ ಕೈಕಟ್ಟಿ ಕೂರಲಿಲ್ಲ. ತೆಲುಗರು 1901ರಲ್ಲೇ ಇಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವೆಂಬ ಗ್ರಂಥಾಲಯ ತೆರೆದರು. ಕನ್ನಡಿಗರು ಕಾಚಿಗುಡದಲ್ಲಿ ನೃಪತುಂಗ ಶಾಲೆ ಕಟ್ಟಿದರು, ಕರ್ನಾಟಕ ಸಾಹಿತ್ಯ ಮಂದಿರ ಕಟ್ಟಿದರು. ಹಿರಿಯರು ಮನೆ ಕಟ್ಟಿಕೊಟ್ಟಿದ್ದಾರೆ. ಅದರಲ್ಲಿ ದೀಪ ಹಚ್ಚುವ ಸರದಿ ನಿಮ್ಮದು.

ನಿಮ್ಮಲ್ಲಿ ಕೆಲವರು ಇಲ್ಲೇ ಹುಟ್ಟಿದವರು. ಮನೆಯಲ್ಲಿ ಕನ್ನಡ ಆಡುತ್ತೀರಿ, ಆದರೆ ಶಾಲೆಯಲ್ಲಿ ಕಲಿಯದ ಕಾರಣ ಲಿಪಿ ಬಾರದು. ಹಿಂಜರಿಯಬೇಡಿ, ಬಂದು ಕಿವಿಗೊಡಿ. ಗಟ್ಟಿಯಾಗಿ ಓದುವ ಕೂಟದಲ್ಲಿ ಕೇಳುವವರಿಗೂ ಕಾದಂಬರಿ ಪೂರ್ತಿ ದಕ್ಕುತ್ತದೆ. ಪಕ್ಕದವರ ಪುಸ್ತಕದಲ್ಲಿ ಸಾಲಿನ ಮೇಲೆ ಬೆರಳಿಟ್ಟು ಹೋಗಿ, ಅಕ್ಷರ ತಾನಾಗಿ ಒಲಿಯುತ್ತದೆ. ಮಾದಾಪುರದ ಕಂಪನಿಗಳಿಗೆ ಕೆಲಸಕ್ಕೆ ಬಂದ ಶಿವಮೊಗ್ಗದವರು ಮಲೆನಾಡಿನ ಮಾತು ಬಿಡಿಸಿ ಹೇಳಲಿ, ರಾಯಚೂರಿನವರು ತಮ್ಮೂರಿನ ಮಾತು ಸೇರಿಸಲಿ.

ಇಷ್ಟು ಶ್ರಮಕ್ಕೆ ಸಿಗುವುದೇನು? ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು ಇಡಿಯಾಗಿ ಸಿಗುತ್ತದೆ. ಜೀತದಾಳು ಗುತ್ತಿ, ಅವನ ನಾಯಿ ಹುಲಿಯ, ತಿಮ್ಮಿ, ಐತ, ಪೀಂಚಲು ಇವರಿಗೆ ಹೆಗ್ಗಡೆಗಳಷ್ಟೇ ಜಾಗ ಕೊಟ್ಟ ಕಾದಂಬರಿ ಇದು. ಜಾತಿ, ಜೀತ, ಮದುವೆ, ಮತಾಂತರ ಎಲ್ಲವೂ ಇಲ್ಲಿವೆ. ಇವುಗಳ ಬಗ್ಗೆ ಹತ್ತು ಜನ ಎದುರುಬದುರು ಕೂತು ವಾದಿಸಿದರೆ, ಅವರ ನಡುವೆ ಬೆಳೆಯುವ ತಿಳಿವಳಿಕೆ ದೊಡ್ಡದು.

ತಾಳ್ಮೆ ಇಲ್ಲವೆನ್ನಬೇಡಿ. 2010ರಲ್ಲಿ ಸಿ. ಬಸವಲಿಂಗಯ್ಯ ಇದೇ ಕಾದಂಬರಿಯನ್ನು ಮೈಸೂರಿನ ರಂಗಾಯಣಕ್ಕೆ ನಾಟಕವಾಗಿ ತಂದಾಗ ಜನ ಇಡೀ ರಾತ್ರಿ, ಸುಮಾರು ಒಂಬತ್ತು ಗಂಟೆ ಕೂತು ನೋಡಿದರು. ಅವರಲ್ಲಿ ನಿಮ್ಮ ವಯಸ್ಸಿನವರೂ ಇದ್ದರು.

ದಾರಿ ಸರಳ. ವಾರಕ್ಕೆ ಇಪ್ಪತ್ತು ಪುಟ ಓದಿ. ಯುಗಾದಿಗೆ ಹಿಡಿದರೆ ಕಾರ್ತಿಕ ಕಳೆಯುವ ಹೊತ್ತಿಗೆ ಮುಗಿಯುತ್ತದೆ. ಎರಡೆರಡು ಪುಟಕ್ಕೆ ಓದುವವರು ಬದಲಾಗಲಿ. ಮನೆತನಗಳ ಪಟ್ಟಿಯೊಂದನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಒಂದು ವಾರ ತಪ್ಪಿಸಿಕೊಂಡವರು ಆ ಪುಟಗಳನ್ನು ಮನೆಯಲ್ಲಿ ಓದಿಕೊಂಡು ಬರಲಿ. ಬಂದವರು ನಾಲ್ಕೇ ಜನವಾದರೂ ಓದು ನಿಲ್ಲಬಾರದು.

ಯಾರೋ ಕರೆಯಲೆಂದು ಕಾಯಬೇಡಿ, ನೀವೇ ಕರೆಯಿರಿ. ಮೂವರು ಗೆಳೆಯರಿಗೆ ಇವತ್ತೇ ಫೋನ್ ಮಾಡಿ, ಬರುವ ಭಾನುವಾರ ಮೊದಲ ಪುಟ ತೆರೆಯಿರಿ.