ಹಿಂಗಾರಿಗೆ ಕೈತೋಟ: ಬೀಜವೂ ನಮ್ಮ ಉಳಿತಾಯವೇ

(ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿ)



ಸಂಘದ ಸಭೆಯಲ್ಲಿ ನಾವು ಪ್ರತಿ ವಾರ ಉಳಿತಾಯ, ಸಾಲ, ಬಡ್ಡಿ ಅಂತ ಮಾತಾಡುತ್ತೇವೆ. ಇವತ್ತು ನಮ್ಮ ಹಿತ್ತಲಿನ ಬಗ್ಗೆ ಮಾತಾಡೋಣ. ಹಿತ್ತಲಿಗೂ ಉಳಿತಾಯಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ.

ಈಗ ಮಘೆ ಮಳೆ ಮುಗಿದು ಹುಬ್ಬೆ ಮಳೆ ಶುರುವಾಗಿದೆ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯ ನಮ್ಮ ಕೈತೋಟಗಳನ್ನು ಒಮ್ಮೆ ನೋಡಿ. ಮುಂಗಾರಿನಲ್ಲಿ ಹಾಕಿದ ಬೆಂಡೆ ಎತ್ತರ ಬೆಳೆದು ಕಾಯಿ ಕಡಿಮೆಯಾಗಿದೆ. ಹೀರೆ ಬಳ್ಳಿಯ ಬುಡದ ಎಲೆ ಒಣಗಿದೆ. ಕಳೆ ಮೊಣಕಾಲೆತ್ತರ ಬಂದಿದೆ. "ಇನ್ನೇನು ಮುಗೀತು" ಅಂತ ಎಲ್ಲವನ್ನೂ ಕಿತ್ತು ಬಿಸಾಡುತ್ತೇವೆ. ಆಮೇಲೆ ಬರುವ ಮುಂಗಾರಿನವರೆಗೆ ಹಿತ್ತಲು ಖಾಲಿ. ಆದರೆ ಸೆಪ್ಟೆಂಬರ್ ಕೊನೆಯ ಹಸ್ತ ಮಳೆ, ಅಕ್ಟೋಬರಿನ ಚಿತ್ತೆ ಮಳೆ ಇನ್ನೂ ಬರಬೇಕು. ಅಂದರೆ ಇನ್ನೊಂದು ಬೆಳೆಯ ಕಾಲ ನಮ್ಮ ಮುಂದಿದೆ. ಅದಕ್ಕೆ ಸಿದ್ಧತೆ ಮಾಡಬೇಕಾದ್ದು ಈಗಲೇ, ದಸರೆಗೆ ಮುಂಚೆ.

ಇದು ಯಾಕೆ ಮುಖ್ಯ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆ ಇತ್ತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು! ತರಕಾರಿ ಬೆಲೆ ಏರಿದಾಗ ಮೊದಲು ಕಡಿಮೆಯಾಗುವುದು ಯಾರ ತಟ್ಟೆಯ ಪಲ್ಯ? ಕೊನೆಗೆ ಊಟಕ್ಕೆ ಕೂರುವ ನಮ್ಮದೇ. 2023ರ ಜುಲೈನಲ್ಲಿ ಟೊಮೇಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿದ್ದು ನಿಮಗೆ ನೆನಪಿರಬಹುದು. ಸೊಪ್ಪು ತಿಂದರೆ ಮಾತ್ರ ರಕ್ತಹೀನತೆ ವಾಸಿಯಾಗುವುದಿಲ್ಲ, ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನೂ ತಪ್ಪದೆ ನುಂಗಬೇಕು. ಆದರೆ ದಿನವೂ ಸೊಪ್ಪು ತಿಂದು, ಅದಕ್ಕೆ ಸ್ವಲ್ಪ ನಿಂಬೆರಸ ಹಿಂಡಿಕೊಂಡರೆ ದೇಹಕ್ಕೆ ಕಬ್ಬಿಣಾಂಶ ಚೆನ್ನಾಗಿ ಹಿಡಿಯುತ್ತದೆ. ಊಟವಾದ ಕೂಡಲೇ ಟೀ ಕುಡಿಯಬೇಡಿ.

ಹಾಗಾದರೆ ಈ ಒಂದು ತಿಂಗಳಲ್ಲಿ ನಾವು ಮಾಡಬೇಕಾದ ಕೆಲಸಗಳು ಯಾವುವು?

ಮೊದಲನೆಯದು, ಬೀಜ ಎತ್ತಿಡುವುದು. ಗಿಡ ಕೀಳುವ ಮುಂಚೆ ಒಳ್ಳೆಯ ಗಿಡ ಯಾವುದು ಅಂತ ನೋಡಿ, ಒಂದು ಬಟ್ಟೆ ಚೂರು ಕಟ್ಟಿ ಗುರುತು ಮಾಡಿ. ಅದರ ಎರಡು ಮೂರು ಕಾಯಿಗಳನ್ನು ಅಡುಗೆಗೆ ಕೀಳದೆ ಬಿಡಿ. ಬೆಂಡೆ, ಅಲಸಂದೆ, ಹೀರೆ ಗಿಡದಲ್ಲೇ ಒಣಗಬೇಕು. ಬದನೆ ಪೂರ್ತಿ ಹಳದಿಯಾಗಬೇಕು. ಎಲೆ ನರ ಹಳದಿಯಾಗಿ ನಂಜು ರೋಗ ಬಂದ ಬೆಂಡೆಯಿಂದ ಬೀಜ ಇಡಬೇಡಿ, ಅದನ್ನು ಕೂಡಲೇ ಕಿತ್ತು ಸುಟ್ಟುಬಿಡಿ. ಇಲ್ಲದಿದ್ದರೆ ಬಿಳಿನೊಣ ಆ ರೋಗವನ್ನು ಪಕ್ಕದ ಗಿಡಕ್ಕೂ ದಾಟಿಸುತ್ತದೆ. ಬೀಜವನ್ನು ಚೆನ್ನಾಗಿ ಒಣಗಿಸಿ, ಜರಡಿ ಹಿಡಿದ ಒಲೆಬೂದಿ ಬೆರೆಸಿ, ಗಾಜಿನ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿ. ಮೇಲೆ ಹೆಸರು, ತಿಂಗಳು ಬರೆದು ಅಂಟಿಸಿ.

ಒಂದು ಮಾತು ನೆನಪಿಡಿ. ಹೈಬ್ರಿಡ್ ಗಿಡದ ಬೀಜ ಇಟ್ಟರೆ ಮುಂದಿನ ಸಲ ಅದೇ ಗುಣ ಬರುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೇಟೊ ಹೈಬ್ರಿಡ್, ಅದರ ಬೀಜವನ್ನು ಪ್ರತಿ ಸಲ ಕೊಳ್ಳಲೇಬೇಕು. ಅದೇ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ, ಅರ್ಕಾ ಸುಗುಣ ದಂಟು ಹಾಗಲ್ಲ, ಅವುಗಳ ಬೀಜ ನಾವೇ ಇಟ್ಟುಕೊಳ್ಳಬಹುದು. ನಾಟಿ ಬೀಜವಂತೂ ಸರಿಯೇ ಸರಿ. ಬೀಜ ಕೊಳ್ಳುವಾಗ ಹೈಬ್ರಿಡ್ಡೋ ಅಲ್ಲವೋ ಕೇಳಿ ತಿಳಿದುಕೊಳ್ಳಿ.

ಎರಡನೆಯದು, ಒಟ್ಲು ಹಾಕುವುದು. ಮೆಣಸಿನಕಾಯಿ ಸಸಿ ನಾಟಿಗೆ ಬರಲು ಸುಮಾರು 40 ದಿನ ಬೇಕು, ಬದನೆಗೆ 30ರಿಂದ 35, ಟೊಮೇಟೊಗೆ 25ರಿಂದ 30 ದಿನ. ಆದ್ದರಿಂದ ಈ ವಾರ ಮೆಣಸಿನಕಾಯಿ ಬೀಜ ಹಾಕಿ, ಬದನೆ, ಟೊಮೇಟೊ ಆಮೇಲೆ ಹಾಕಿದರೆ ಎಲ್ಲವೂ ಚಿತ್ತೆ ಮಳೆ ಹೊತ್ತಿಗೆ ಒಟ್ಟಿಗೆ ಸಿದ್ಧ. ಹಳೇ ಬೀಜ ಇದ್ದರೆ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಏಳೆಂಟು ಮೊಳೆತರೆ ಧೈರ್ಯವಾಗಿ ಬಿತ್ತಬಹುದು.

ಮೂರನೆಯದು, ಮಣ್ಣು. ಕಳೆ ಬೀಜ ಕಟ್ಟುವ ಮುಂಚೆಯೇ ಕಿತ್ತು ಗೊಬ್ಬರದ ಗುಂಡಿಗೆ ಹಾಕಿ. ಮೂರಡಿ ಅಗಲ, ಅರ್ಧ ಅಡಿ ಎತ್ತರದ ಮಡಿ ಮಾಡಿದರೆ ಜೋರು ಮಳೆಗೂ ಬೇರಿನಲ್ಲಿ ನೀರು ನಿಲ್ಲುವುದಿಲ್ಲ. ಮೂರಡಿ ಉದ್ದಕ್ಕೆ ಎರಡು ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಹಸಿ ಸಗಣಿ ಬೇಡ. ಬದನೆ, ಟೊಮೇಟೊ, ಮೆಣಸಿನಕಾಯಿ ಮೂರೂ ಒಂದೇ ಕುಟುಂಬದವು, ಮಣ್ಣಿನಿಂದ ಬರುವ ಸೊರಗು ರೋಗ ಮೂರಕ್ಕೂ ತಗಲುತ್ತದೆ. ಮುಂಗಾರಿನಲ್ಲಿ ಬದನೆ ಇದ್ದ ಮಡಿಗೆ ಈಗ ಹುರುಳಿಕಾಯಿ, ಮೂಲಂಗಿ ಅಥವಾ ಸೊಪ್ಪು ಹಾಕಿ. ಮೆಂತ್ಯ 25 ದಿನಕ್ಕೆ, ದಂಟು ಒಂದು ತಿಂಗಳಿಗೆ ಕೈಗೆ ಬರುತ್ತದೆ. ಮಳೆ ನಿಂತ ಮೇಲೆ ಬುಡಕ್ಕೆ ಒಣ ಎಲೆ, ಹುಲ್ಲು ಮುಚ್ಚಿದರೆ ತೇವ ಆರುವುದಿಲ್ಲ.

ಹುಳ ಕಂಡ ಕೂಡಲೇ ಔಷಧಿ ಅಂಗಡಿಗೆ ಓಡಬೇಡಿ. 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಚೂರು ಸೋಪಿನ ನೀರು ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ.

ಇದನ್ನೆಲ್ಲ ಒಬ್ಬೊಬ್ಬರೇ ಮಾಡುವುದು ಕಷ್ಟ ಅನ್ನಿಸಬಹುದು. ಅದಕ್ಕೇ ಸಂಘ ಇರುವುದು! ನೀರಿನ ಅನುಕೂಲ ಇರುವ ಒಬ್ಬರ ಮನೆಯಲ್ಲಿ ಎಲ್ಲರ ಒಟ್ಲು ಹಾಕೋಣ. ಹಣದ ಪೆಟ್ಟಿಗೆ ಪಕ್ಕದಲ್ಲಿ ಒಂದು ಬೀಜದ ಪೆಟ್ಟಿಗೆಯೂ ಇರಲಿ. ಒಂದು ಹಿಡಿ ಬೀಜ ತೆಗೆದುಕೊಂಡವರು ಬೆಳೆ ಬಂದ ಮೇಲೆ ಎರಡು ಹಿಡಿ ವಾಪಸ್ ಹಾಕಲಿ. ಪುಸ್ತಕದಲ್ಲಿ ಅದರ ಲೆಕ್ಕವೂ ಬರೆಯಿರಿ. ಹೊಲದಲ್ಲಿ ಏನು ಬೆಳೆಯಬೇಕು ಅನ್ನುವ ತೀರ್ಮಾನ ಅನೇಕ ಮನೆಗಳಲ್ಲಿ ನಮ್ಮ ಕೈಯಲ್ಲಿಲ್ಲ. ಹಿತ್ತಲಿನ ತೀರ್ಮಾನ ನಮ್ಮದು, ಬೀಜ ನಮ್ಮ ಕೈಯಲ್ಲಿದ್ದರೆ.

ವಾರದ ಸಂತೆಯಲ್ಲಿ ನೂರು ರೂಪಾಯಿ ಉಳಿದರೂ ನಾಲ್ಕು ತಿಂಗಳಿಗೆ ಸುಮಾರು 1,700 ರೂಪಾಯಿ ಆಗುತ್ತದೆ. ನೀವೇ ಲೆಕ್ಕ ಹಾಕಿ ನೋಡಿ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಮನೆಯಲ್ಲಿರುವ ಯಾವುದಾದರೂ ಒಂದು ಬೀಜವನ್ನು ಪೊಟ್ಟಣ ಕಟ್ಟಿ ತನ್ನಿ. ಅಲ್ಲಿಂದಲೇ ಶುರು ಮಾಡೋಣ.